ಅಂಚಿನಲ್ಲಿ ಉಳಿದದ್ದು

ಮಾಟುಂಗದ ಒಂದು ಹಾಲ್‌ನಲ್ಲಿ, ಮಳೆಗಾಲದ ಒಂದು ಭಾನುವಾರ ಸಂಜೆ ಆಡಿದ ಮಾತುಗಳು ಇವು. ಬರೆಯುವಾಗ ಅಲ್ಲಿ ಇಲ್ಲಿ ತಿದ್ದಿದ್ದೇನೆ. ಅವತ್ತು ತೋರಿಸಿದ ಫೋಟೋಗಳನ್ನು ಇಲ್ಲಿ ಹಾಕುವ ಹಾಗಿಲ್ಲ. ಅವುಗಳ ಬದಲಿಗೆ ಒಂದೆರಡು ಮಾತು ಜಾಸ್ತಿ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲಿ, ಅದೂ ಹಳಿ ರಿಪೇರಿಗೆ ಲೋಕಲ್ ಟ್ರೇನ್ ನಿಲ್ಲಿಸುವ ಮೆಗಾಬ್ಲಾಕ್ ಇರುವ ಭಾನುವಾರ, ಇಷ್ಟು ಜನ ಬಂದಿದ್ದೀರಿ. ಕಾರ್ಯಕ್ರಮ ಇಟ್ಟುಕೊಂಡವರು ಮೊದಲೇ ಫೋನ್ ಮಾಡಿ, "ಡಾಕ್ಟ್ರೇ, ಹೆಸರಿನಲ್ಲಿ ಕ್ಯಾನ್ಸರ್ ಅಂತ ಹಾಕಬೇಡಿ, ಒಬ್ಬರೂ ಬರಲ್ಲ" ಅಂದಿದ್ದರು. ಹಾಗಾಗಿ ವಾಟ್ಸಾಪ್‌ನಲ್ಲಿ ನಿಮಗೆ ಬಂದದ್ದು "ಚರ್ಮದ ಆರೈಕೆ" ಅಂತ. ಯಾವ ಕ್ರೀಮ್ ಒಳ್ಳೆಯದು ಅಂತ ಕೇಳಲು ಬಂದವರು ಮುಂದಿನ ಸಾಲಿನಲ್ಲೇ ಇದ್ದೀರಿ ಅನ್ನಿಸುತ್ತದೆ. ಕ್ಷಮಿಸಿ, ಇವತ್ತಿನ ಮಾತು ಚರ್ಮದ ಕ್ಯಾನ್ಸರ್‌ನದ್ದೇ. ಆದರೆ ಎದ್ದು ಹೋಗಬೇಡಿ. ಕ್ಯಾನ್ಸರ್‌ಗಳ ಪೈಕಿ ನಾನು ಹೇಳಹೊರಟದ್ದು ಹೆಚ್ಚಾಗಿ ನಿಧಾನದ್ದು. ವರ್ಷಗಟ್ಟಲೆ ಟೈಮ್ ಕೊಡುತ್ತದೆ. ಆ ಟೈಮನ್ನು ನಾವು ಏನು ಮಾಡುತ್ತೇವೆ ಅನ್ನುವುದೇ ತಕರಾರು.

ನಮ್ಮ ಚಿಕ್ಕಮ್ಮನಿಂದ ಶುರು ಮಾಡುತ್ತೇನೆ. ಅವರೇ ಹೇಳು ಅಂದಿದ್ದಾರೆ, ಹೆಸರು ಮಾತ್ರ ಬೇಡ ಅಂದಿದ್ದಾರೆ. ಡೊಂಬಿವಲಿಯಲ್ಲಿ ಮನೆಯಿಂದಲೇ ಇಡ್ಲಿ ಮಾಡಿ ಕೊಡುವ ಹೆಂಗಸು. ಬೆಳಿಗ್ಗೆ 4 ಗಂಟೆಗೆ ಏಳುತ್ತಾರೆ. 8ರೊಳಗೆ 200 ಇಡ್ಲಿ ಮನೆ ದಾಟಿರುತ್ತದೆ. ಬಿಸಿಲಿಗೆ ಮೈ ಒಡ್ಡಿ ದುಡಿದವರಲ್ಲ. 60 ದಾಟಿದ ಮೇಲೆ ಅವರ ಮೂಗಿನ ಎಡಬದಿಯಲ್ಲಿ, ಮೂಗುಬೊಟ್ಟಿನ ಸ್ವಲ್ಪ ಮೇಲೆ, ಮೂಗು ಕೆನ್ನೆಗೆ ಸೇರುವ ಸಂದಿಯಲ್ಲಿ ಒಂದು ಕಪ್ಪು ಕಾಳು ಕಾಣಿಸಿತು. ಕಾಳುಮೆಣಸಿಗಿಂತ ಚಿಕ್ಕದು. ಮನೆಯವರೆಲ್ಲ ಮಚ್ಚೆ ಅಂದರು. ಮೂಗಿನ ಮೇಲೆ ಮಚ್ಚೆ ಬಂದರೆ ದುಡ್ಡು ಬರುತ್ತದೆ ಅಂತ ಪಕ್ಕದ ಮನೆಯವರು ಬೇರೆ ಹೇಳಿದ್ದರು. ದುಡ್ಡು ಬರಲಿಲ್ಲ. ವರ್ಷ ಕಳೆದ ಮೇಲೆ ಕಾಳಿನ ನಡುವೆ ಸಣ್ಣ ಗುಂಡಿ ಬಿತ್ತು. ಮುಖ ಒರೆಸುವಾಗ ಟವೆಲ್ ತಾಗಿ ಒಂದು ಹನಿ ರಕ್ತ. ಹಕ್ಕಳೆ ಕಟ್ಟುವುದು, ಹಕ್ಕಳೆ ಬಿದ್ದು ಮತ್ತೆ ರಕ್ತ.

ಸ್ಟೇಷನ್ ಹತ್ತಿರದ ಒಂದು ಕ್ಲಿನಿಕ್‌ನಲ್ಲಿ "10 ನಿಮಿಷದ ಕೆಲಸ ಅಮ್ಮಾ" ಅಂತ ಕರೆಂಟಿನ ಸೂಜಿಯಿಂದ ಸುಟ್ಟು ತೆಗೆದರು. ಮೂಗು ನುಣ್ಣಗಾಯಿತು. ತೆಗೆದದ್ದನ್ನು ಲ್ಯಾಬಿಗೆ ಕಳಿಸಲಿಲ್ಲ. ಕಳಿಸಲು ಚೂರೇ ಇರಲಿಲ್ಲ, ಹೊಗೆಯಾಗಿ ಹೋಗಿತ್ತು. ಕ್ಲಿನಿಕ್‌ನವರನ್ನು ಬೈದು ಸುಮ್ಮನಾಗುವ ಹಾಗೂ ಇಲ್ಲ. ಆಮೇಲಿನ 3 ವರ್ಷದಲ್ಲಿ ನಾನು ಆ ಮನೆಗೆ ಕಡಿಮೆ ಅಂದರೂ 6 ಸಲ ಹೋಗಿದ್ದೇನೆ. ಇಡ್ಲಿ ತಿಂದಿದ್ದೇನೆ. ಮೂಗು ನೋಡಿಲ್ಲ. ಇದನ್ನೂ ಹೇಳಬೇಕು, ಅಲ್ವಾ?

3 ವರ್ಷದ ಮೇಲೆ ಆ ನುಣುಪು ಕಲೆಯ ಅಂಚಿನಲ್ಲಿ, ಒಂದೇ ಕಡೆ, ಸಾಸಿವೆಯಷ್ಟು ಮಣಿ ಎದ್ದಿತು. ನಡುವೆ ಏನೂ ಇಲ್ಲ. ಅಂಚಿನಲ್ಲಿ ಮಾತ್ರ. ಇವತ್ತಿನ ನನ್ನ ಮಾತೆಲ್ಲ ಆ ಅಂಚಿನ ಬಗ್ಗೆ.

ಮೊದಲು ಹೆಸರುಗಳನ್ನು ಮುಗಿಸಿಬಿಡೋಣ. ಚರ್ಮದ ಕ್ಯಾನ್ಸರ್ ಅಂದರೆ ಹೆಚ್ಚಿನವರು ಕೇಳಿರುವುದು ಮೆಲನೋಮಾ. ಚರ್ಮಕ್ಕೆ ಬಣ್ಣ ಕೊಡುವ ಜೀವಕಣಗಳಲ್ಲಿ ಹುಟ್ಟುವಂಥದ್ದು, ಬೇಗ ಹರಡುವಂಥದ್ದು. ಅದು ಇವತ್ತು ಬೇಡ. ಉಳಿದದ್ದಕ್ಕೆಲ್ಲ ಸೇರಿಸಿ ನಾನ್‌ಮೆಲನೋಮಾ ಅಂತ ಹೆಸರಿಟ್ಟಿದ್ದಾರೆ. ಮನೆಯಲ್ಲಿ ಒಬ್ಬ ಮಗ ಹೆಸರು ಮಾಡಿದರೆ ಉಳಿದವರೆಲ್ಲ "ಅವನ ತಮ್ಮಂದಿರು" ಆಗುತ್ತಾರಲ್ಲ, ಹಾಗೆ. ತಮ್ಮಂದಿರಲ್ಲಿ ಮುಖ್ಯ ಇಬ್ಬರು. ಒಂದು ಬೇಸಲ್ ಸೆಲ್, ಚರ್ಮದ ಮೇಲ್ಪದರದ ತಳದಲ್ಲಿರುವ ಕಣಗಳದ್ದು. ಇನ್ನೊಂದು ಸ್ಕ್ವೇಮಸ್ ಸೆಲ್, ಅದರ ಮೇಲಿನ ಚಪ್ಪಟೆ ಕಣಗಳದ್ದು. ಬೇಸಲ್ ಸೆಲ್ ಬೇರೆ ಅಂಗಕ್ಕೆ ಹರಡುವುದು ತೀರಾ ಅಪರೂಪ, ನೂರಕ್ಕೆ ಒಂದೂ ಇಲ್ಲ. ಆದರೆ ಇದ್ದ ಜಾಗದಲ್ಲೇ ಕೊರೆಯುತ್ತದೆ. ಮೂಗು, ರೆಪ್ಪೆ, ಕಿವಿ ಯಾವುದನ್ನೂ ಬಿಡುವುದಿಲ್ಲ. 1827ರಲ್ಲಿ ಡಬ್ಲಿನ್‌ನ ಆರ್ಥರ್ ಜೇಕಬ್ ಎಂಬ ಡಾಕ್ಟರ್ ಇದನ್ನು ವಿವರವಾಗಿ ಬರೆದ. ಹಿಂದಿನವರು ಕರೆಯುತ್ತಿದ್ದದ್ದು ರೋಡೆಂಟ್ ಅಲ್ಸರ್ ಅಂತ. ಇಲಿ ಕಡಿದ ಹಾಗಿರುವ ಹುಣ್ಣು. ಒಳ್ಳೆಯ ಹೆಸರು. ಸ್ಕ್ವೇಮಸ್ ಸೆಲ್ ಸ್ವಲ್ಪ ಖದೀಮ. ಅದು ಕುತ್ತಿಗೆ, ಕಂಕುಳು, ತೊಡೆಸಂದಿಯ ಲಿಂಫ್ ಗಂಟುಗಳಿಗೆ ದಾಟಬಲ್ಲದು.

ಅಮೆರಿಕದಲ್ಲಿ 2012ರ ಒಂದೇ ವರ್ಷದಲ್ಲಿ ಸುಮಾರು 33 ಲಕ್ಷ ಜನರಿಗೆ ಇಂಥ 54 ಲಕ್ಷ ಗಡ್ಡೆಗಳ ಚಿಕಿತ್ಸೆ ಆಯಿತು ಅಂತ ಅಂದಾಜು. ನಮ್ಮಲ್ಲಿ ಎಲ್ಲ ಕ್ಯಾನ್ಸರ್ ಸೇರಿಸಿದರೂ ಚರ್ಮದ್ದು 1%ಗಿಂತ ಕಡಿಮೆ. ನಮ್ಮ ಮೈಬಣ್ಣವೇ ಕೊಡೆ. 1979ರ ಒಂದು ಅಧ್ಯಯನದಲ್ಲಿ ಅಳೆದು ನೋಡಿದಾಗ, ಕಪ್ಪು ಚರ್ಮದ ಮೇಲ್ಪದರಕ್ಕೆ 13.4ರಷ್ಟು ಸನ್‌ಸ್ಕ್ರೀನ್ ಶಕ್ತಿ ಇತ್ತು. ಬಿಳಿ ಚರ್ಮಕ್ಕೆ 3.4. ಆ ಅಂಕಿ ಅಮೆರಿಕದ ಕಪ್ಪು ಜನರದ್ದು. ನಾವು ಇವೆರಡರ ನಡುವೆ ಎಲ್ಲೋ ಇದ್ದೇವೆ, ಕೆಲವರು ಆ ತುದಿಗೆ, ಕೆಲವರು ಈ ತುದಿಗೆ. ಸಂಬಂಧ ನೋಡಲು ಹೋದಾಗ "ಹುಡುಗಿ ಸ್ವಲ್ಪ ಕಪ್ಪು" ಅನ್ನುವವರಿಗೆ ಈ ಅಂಕಿ ಹೇಳಿ.

ಆದರೆ ಈ ಕೊಡೆಯೇ ಇನ್ನೊಂದು ಎಡವಟ್ಟು ಮಾಡುತ್ತದೆ. ಎಂಬಿಬಿಎಸ್‌ನಲ್ಲಿ ನಾವು ಓದಿದ ಪುಸ್ತಕದಲ್ಲಿ ಬೇಸಲ್ ಸೆಲ್ ಅಂದರೆ ಗುಲಾಬಿ ಬಣ್ಣದ, ಮುತ್ತಿನ ಹಾಗೆ ಹೊಳೆಯುವ ಗುಳ್ಳೆ. ನಮ್ಮ ಜನರ ಮುಖದ ಮೇಲೆ ಅದು ಗುಲಾಬಿ ಇರುವುದಿಲ್ಲ, ಕಪ್ಪಗಿರುತ್ತದೆ. ಬಿಳಿಯರಲ್ಲಿ ಕಪ್ಪು ಬಣ್ಣದ ಬೇಸಲ್ ಸೆಲ್ ನೂರಕ್ಕೆ ಸುಮಾರು 6. ಕಪ್ಪು ಮೈಬಣ್ಣದವರಲ್ಲಿ ಅರ್ಧಕ್ಕಿಂತ ಜಾಸ್ತಿ. ಹಾಗಾಗಿ ಎಲ್ಲರೂ ಮಚ್ಚೆ ಅನ್ನುತ್ತಾರೆ. ಡಾಕ್ಟರೂ ಅನ್ನುತ್ತಾನೆ. ಗುರುತು ಹಿಡಿಯುವುದು ಹೇಗೆ? ಎರಡು ಬೆರಳಿನಲ್ಲಿ ಚರ್ಮವನ್ನು ಸ್ವಲ್ಪ ಎಳೆದು ಹಿಡಿಯಿರಿ. ಟಾರ್ಚನ್ನು ಪಕ್ಕದಿಂದ ಬಿಡಿ. ನಡುವೆ ತಗ್ಗು, ಸುತ್ತಲೂ ಉಬ್ಬಿದ ದಡ, ದಡದಲ್ಲಿ ಕರಿಮಣಿ ಪೋಣಿಸಿದ ಹಾಗೆ ಸಣ್ಣ ಹೊಳಪು. ಹುಟ್ಟಿನಿಂದ ಬಂದ ಮಚ್ಚೆ 60ರಲ್ಲಿ ಹೊಸದಾಗಿ ಬರುವುದಿಲ್ಲ, ಸುಮ್ಮನೆ ರಕ್ತವನ್ನೂ ಸುರಿಸುವುದಿಲ್ಲ. ಒಂದು ತಿಂಗಳು ದಾಟಿದರೂ ವಾಸಿಯಾಗದ ಗಾಯ ಯಾವುದೇ ಇರಲಿ, ಅದರಿಂದ ಒಂದು ಚೂರು ಬಯಾಪ್ಸಿಗೆ, ಅಂದರೆ ಲ್ಯಾಬಿನ ಪರೀಕ್ಷೆಗೆ ಹೋಗಬೇಕು. ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಹರಡುತ್ತದೆ ಅನ್ನುವ ಮಾತು ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿಯಲ್ಲೂ ಓಡಾಡುತ್ತಿದೆ, ನನ್ನ ಚಿಕ್ಕಮ್ಮನೇ ಅಲ್ಲಿಂದ ತಂದಿದ್ದರು. ಹಾಗೇನೂ ಆಗುವುದಿಲ್ಲ.

ಬಿಸಿಲು ಅಷ್ಟಾಗಿ ಕಾಡದಿದ್ದರೆ ನಮ್ಮನ್ನು ಕಾಡುವುದು ಯಾವುದು? ಇಲ್ಲಿಂದ 15 ನಿಮಿಷದ ದಾರಿ ಪರೇಲ್. ಅಲ್ಲಿ 1941ರಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆ ಶುರುವಾಯಿತು. ಅದರ ಪೆಥಾಲಜಿ, ಅಂದರೆ ಕತ್ತರಿಸಿದ ಚೂರನ್ನು ಮೈಕ್ರೋಸ್ಕೋಪಿನಲ್ಲಿ ನೋಡುವ ವಿಭಾಗ, ನೋಡಿಕೊಂಡವರು ಡಾ. ವಿ. ಆರ್. ಖಾನೋಲ್ಕರ್. ಸ್ಲೈಡ್ ನೋಡುವವರು ಸಾಮಾನ್ಯವಾಗಿ ರೋಗಿಯನ್ನು ನೋಡುವುದಿಲ್ಲ. ಖಾನೋಲ್ಕರ್ ಹಾಗಲ್ಲ. ಈ ಮನುಷ್ಯ ಏನು ಉಡುತ್ತಾನೆ, ಏನು ಜಗಿಯುತ್ತಾನೆ, ಬೀಡಿ ಹೇಗೆ ಸೇದುತ್ತಾನೆ ಅಂತ ಕೇಳಿದರು. 1945ರಲ್ಲಿ ಅವರೂ ಬಿ. ಸೂರ್ಯಬಾಯಿ ಅವರೂ ಸೇರಿ, ಜನರ ರೂಢಿಗೆ ಅಂಟಿಕೊಂಡು ಬರುವ ಮೂರು ಹೊಸ ಬಗೆಯ ಕ್ಯಾನ್ಸರ್ ಬಗ್ಗೆ ಬರೆದರು. ಅದರಲ್ಲಿ ಒಂದು ಧೋತಿ ಕ್ಯಾನ್ಸರ್. ಸೊಂಟದ ಸುತ್ತ ಬಿಗಿಯಾಗಿ ಕಟ್ಟಿದ ಧೋತಿ, ವರ್ಷಾನುಗಟ್ಟಲೆ ಒಂದೇ ಗೆರೆಯಲ್ಲಿ ಉಜ್ಜಿ, ಅಲ್ಲಿ ಸ್ಕ್ವೇಮಸ್ ಸೆಲ್. ಬಿಸಿಲು ಕಾಣದ ಜಾಗದಲ್ಲಿ!

ಧೋತಿ ಈಗ ಮದುವೆಗೆ ಮಾತ್ರ. ಸೀರೆ ಇನ್ನೂ ಇದೆ. ಸೀರೆಯ ಕೆಳಗಿನ ಲಂಗದ ಲಾಡಿ, ಹಗ್ಗದಷ್ಟು ಸಪೂರ, ಒಂದೇ ಜಾಗದಲ್ಲಿ 40 ವರ್ಷ. 2024ರಲ್ಲಿ ನಮ್ಮ ಮಹಾರಾಷ್ಟ್ರದ ವರ್ಧಾ ಮತ್ತು ಬಿಹಾರದ ಮಧುಬನಿಯ ಡಾಕ್ಟರುಗಳು ಇಂಥ ಇಬ್ಬರು ಮಹಿಳೆಯರ ಬಗ್ಗೆ ಬರೆದು, "ಪೆಟ್ಟಿಕೋಟ್ ಕ್ಯಾನ್ಸರ್" ಅಂತ ಕರೆದರು. ಸೀರೆ ಕ್ಯಾನ್ಸರ್ ಅಂದರೆ ತಪ್ಪು ಸೀರೆಯ ಮೇಲೆ ಬೀಳುತ್ತದೆ, ತಪ್ಪು ಲಾಡಿಯದ್ದು ಅನ್ನುವ ವಾದ. ಆದರೆ ಇಬ್ಬರಲ್ಲಿ ಒಬ್ಬಾಕೆ ಲುಗಡೆ ಉಡುವವರು. ಲಂಗವೇ ಇಲ್ಲ, ಕಚ್ಚೆ ಹಾಕಿ ಸೀರೆಯನ್ನೇ ಸೊಂಟಕ್ಕೆ ಬಿಗಿದು ಕಟ್ಟುವುದು. ನಮ್ಮ ಬಾಂಬೆ ಮಾರ್ಕೆಟ್‌ಗಳಲ್ಲಿ ಮೀನು ಮಾರುವ ಅಜ್ಜಿಯರು ಉಡುತ್ತಾರಲ್ಲ, ಅದೇ. ಹೇಳಿಕೊಳ್ಳುವಷ್ಟು ಜನರಿಗೆ ಬರುವ ರೋಗವಲ್ಲ ಇದು, ಗಾಬರಿ ಬೇಡ. ಆದರೆ ಅದಕ್ಕೆ ಮುಂಚಿನ ಹಂತ ಎಲ್ಲರ ಮನೆಯಲ್ಲೂ ಇದೆ. ಸೊಂಟದ ಕಪ್ಪು ಗೆರೆ, ತುರಿಕೆ, ಹುಡಿ ಉದುರುವುದು. ನಿಮ್ಮ ತಾಯಿಯನ್ನು ಕೇಳಿ ನೋಡಿ, ಗದರಿ ಕಳಿಸುತ್ತಾರೆ.

ಕಾಶ್ಮೀರದಲ್ಲಿ ಇಂಥ ಕ್ಯಾನ್ಸರ್‌ನದ್ದೇ ಇನ್ನೊಂದು ರೂಪ. ಚಳಿಗೆ ಕಾಂಗ್ಡಿಯನ್ನು, ಅಂದರೆ ಕೆಂಡ ತುಂಬಿದ ಮಡಕೆಯನ್ನು, ನಿಲುವಂಗಿಯ ಒಳಗೆ ಹಿಡಿದು ಕೂರುತ್ತಾರೆ, ತೊಡೆ ಹೊಟ್ಟೆಯ ಚರ್ಮ ವರ್ಷಾನುಗಟ್ಟಲೆ ಬೇಯುತ್ತದೆ. ಇಂಗ್ಲೆಂಡಿನಲ್ಲಿ 1775ರಲ್ಲೇ ಪರ್ಸಿವಲ್ ಪಾಟ್ ಎಂಬ ಸರ್ಜನ್, ಚಿಮಣಿ ಗುಡಿಸುವ ಹುಡುಗರಿಗೆ ಮಸಿಯಿಂದ ಮುಂದೆ ವೃಷಣದ ಚೀಲದ ಚರ್ಮದಲ್ಲಿ ಕ್ಯಾನ್ಸರ್ ಬರುವುದನ್ನು ಬರೆದಿದ್ದ. ಕೆಲಸದಿಂದ ಕ್ಯಾನ್ಸರ್ ಬರುತ್ತದೆ ಅಂತ ಗೊತ್ತಾದದ್ದೇ ಆವಾಗ. ಅದೂ ಚರ್ಮದ್ದೇ.

ನನ್ನ ಓಪಿಡಿಯಲ್ಲಿ ನಾನು ಜಾಸ್ತಿ ಹೆದರುವುದು ಹಳೆಯ ಸುಟ್ಟ ಗಾಯಕ್ಕೆ. ಚಾಳ್‌ಗಳಲ್ಲಿ ಪಂಪ್ ಸ್ಟವ್ ಇದ್ದ ಕಾಲ ನಿಮಗೆ ನೆನಪಿರಬಹುದು. ಸ್ಟವ್ ಸಿಡಿದು ಮಂಡಿಯ ಹಿಂದೆ ಸುಟ್ಟುಕೊಂಡ ಹುಡುಗಿ, ಈಗ ಅಜ್ಜಿ. ಕಾಲು ಮಡಿಸಿದಾಗೆಲ್ಲ ಆ ಕಲೆ ಬಿರಿಯುತ್ತದೆ, ಕೂಡುತ್ತದೆ, ಮತ್ತೆ ಬಿರಿಯುತ್ತದೆ. 30 ವರ್ಷ, 40 ವರ್ಷ. ಒಂದು ದಿನ ಕೂಡುವುದಿಲ್ಲ. ಹೂಕೋಸಿನ ಹಾಗೆ ಉಬ್ಬಿ, ವಾಸನೆ ಬರುತ್ತದೆ. 1828ರಲ್ಲಿ ಫ್ರಾನ್ಸಿನ ಮಾರ್ಜೋಲಾ ಹಳೆ ಕಲೆಯ ಮೇಲೆ ಏಳುವ ಇಂಥ ಹುಣ್ಣನ್ನು ವಿವರಿಸಿದ್ದರಿಂದ ಇದಕ್ಕೆ ಅವರದ್ದೇ ಹೆಸರು. ಕುಷ್ಠ ಬಂದು ಹೋದವರ ಅಂಗಾಲಿನ ಹುಣ್ಣಿನಲ್ಲೂ ಆಗುತ್ತದೆ. ಈ ಜಾತಿಯದ್ದು ಸಾಧುವಲ್ಲ, ಹರಡುತ್ತದೆ. ಸುತ್ತ 2 ಸೆಂಟಿಮೀಟರ್ ಬಿಟ್ಟು ಕತ್ತರಿಸಬೇಕಾಗುತ್ತದೆ, ಕೆಲವೊಮ್ಮೆ ಕಾಲನ್ನೇ. "ಅದು ಹಳೇ ಗಾಯ ಡಾಕ್ಟ್ರೇ" ಅಂದರೆ ನನಗೆ ಸಮಾಧಾನ ಆಗುವುದಿಲ್ಲ, ಹೊಟ್ಟೆ ತೊಳೆಸುತ್ತದೆ.

ನಮ್ಮ ಊರಿನ ಕಡೆಯದ್ದೂ ಒಂದಿದೆ. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾ. ಹತ್ತಿರದಲ್ಲಿ ಹಿಂದೆ ಮಂಗಳೂರು ಚಿನ್ನದ ಗಣಿ ಇತ್ತು, ನಮ್ಮ ಕಡಲ ಮಂಗಳೂರಲ್ಲ. ಆ ನೆಲದ ನೀರಿನಲ್ಲಿ ಆರ್ಸೆನಿಕ್. 2013ರಲ್ಲಿ ಬಂದ ಅಧ್ಯಯನದಲ್ಲಿ, ಪರೀಕ್ಷೆ ಮಾಡಿದ ತಾಂಡಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಚರ್ಮದಲ್ಲಿ ಆರ್ಸೆನಿಕ್‌ನ ಗುರುತು ಸಿಕ್ಕಿತು. ಅಂಗೈ ಅಂಗಾಲಲ್ಲಿ ಗಟ್ಟಿ ಕಾಳು, ಮೈಮೇಲೆ ಮಳೆ ಹನಿ ಬಿದ್ದ ಹಾಗೆ ಚುಕ್ಕೆ. ಇಂಥವರಲ್ಲಿ ಎಷ್ಟೋ ವರ್ಷದ ಮೇಲೆ ಬಟ್ಟೆಯ ಒಳಗಿನ ಚರ್ಮದಲ್ಲಿ ಕ್ಯಾನ್ಸರ್ ಏಳಬಹುದು. ದುಡಿಯಲು ಮುಂಬಯಿ, ಪುಣೆಗೆ ಬಂದ ಆ ಕಡೆಯ ಜನ ಕನ್‌ಸ್ಟ್ರಕ್ಷನ್ ಸೈಟುಗಳಲ್ಲಿ ಬೇಕಾದಷ್ಟಿದ್ದಾರೆ. ಡಾಕ್ಟರ್ ಕೇಳಬೇಕಾದ ಪ್ರಶ್ನೆ ಒಂದೇ: ಯಾವ ಊರಿನ ನೀರು ಕುಡಿದು ಬೆಳೆದೆ?

ಕಿಡ್ನಿ ಕಸಿ ಮಾಡಿಸಿಕೊಂಡವರದ್ದೂ ಒಂದು ಮಾತು ಸೇರಿಸಿಬಿಡುತ್ತೇನೆ. ಕಸಿ ನಿಲ್ಲಲು ತೆಗೆದುಕೊಳ್ಳುವ ಮಾತ್ರೆ ಮೈಯ ಕಾವಲನ್ನು ತಗ್ಗಿಸುತ್ತದೆ, ಸ್ಕ್ವೇಮಸ್ ಸೆಲ್ ಅವಕಾಶ ನೋಡುತ್ತಿರುತ್ತದೆ. ವರ್ಷಕ್ಕೊಮ್ಮೆ ಪೂರ್ತಿ ಚರ್ಮ ತೋರಿಸಿ.

ಈಗ ಕತ್ತರಿಸುವ ವಿಷಯ. ನನ್ನ ಕಸುಬು.

ಕಾಣುವ ಗಡ್ಡೆ ಮಂಜುಗಡ್ಡೆಯ ತುದಿ ಅಂತ ಎಲ್ಲರೂ ಹೇಳುತ್ತಾರೆ. ಮುಂಬಯಿಯಲ್ಲಿ ಮಂಜುಗಡ್ಡೆ ನೋಡಿದವರು ಯಾರು? ನಾನು ಗರಿಕೆ ಅನ್ನುತ್ತೇನೆ. ಮೇಲೆ ನಾಲ್ಕು ಎಸಳು, ಮಣ್ಣಿನೊಳಗೆ ಎತ್ತ ಹರಿದಿದೆ ಗೊತ್ತಿಲ್ಲ. ಕಾಣುವ ಎಸಳನ್ನು ಸುಟ್ಟರೆ, ನಮ್ಮ ಚಿಕ್ಕಮ್ಮನಿಗೆ ಮಾಡಿದ ಹಾಗೆ, ಬೇರು ಪಕ್ಕದಲ್ಲಿ ಏಳುತ್ತದೆ. ಅದಕ್ಕೆ ಸುತ್ತ ಸ್ವಲ್ಪ ಚೆನ್ನಾಗಿರುವ ಚರ್ಮವನ್ನೂ ಸೇರಿಸಿ ತೆಗೆಯುವುದು. ಎಷ್ಟು? 1987ರಲ್ಲಿ ವುಲ್ಫ್ ಮತ್ತು ಜಿಟೆಲ್ಲಿ ಅಳೆದರು. 2 ಸೆಂಟಿಮೀಟರ್‌ಗಿಂತ ಚಿಕ್ಕದಾದ, ಅಂಚು ಸ್ಪಷ್ಟ ಇರುವ ಬೇಸಲ್ ಸೆಲ್ ಆದರೆ ಸುತ್ತ 4 ಮಿಲಿಮೀಟರ್ ಬಿಟ್ಟರೆ 95%ಗಿಂತ ಹೆಚ್ಚು ಸಲ ಪೂರ್ತಿ ಬರುತ್ತದೆ. ಬೆನ್ನಿನ ಮೇಲೆ 4 ಮಿಲಿಮೀಟರ್ ಅಂದರೆ ಪುಕ್ಕಟೆ. ಮೂಗಿನ ಸಂದಿಯಲ್ಲಿ 4 ಮಿಲಿಮೀಟರ್ ಅಂದರೆ ಅರ್ಧ ಹೊಳ್ಳೆ. ಕಣ್ಣಿನ ಮೂಲೆಯಲ್ಲಾದರೆ ಕೇಳಲೇಬೇಡಿ.

ತೆಗೆದ ಮೇಲೆ ರಿಪೋರ್ಟ್ ಬರುತ್ತದೆ. "ಮಾರ್ಜಿನ್ ಫ್ರೀ", ಅಂದರೆ ಅಂಚಿನಲ್ಲಿ ಕ್ಯಾನ್ಸರ್ ಇಲ್ಲ. ರೋಗಿ ಪೇಡಾ ತರುತ್ತಾರೆ. ಈ ಮಾರ್ಜಿನ್ ಫ್ರೀ ಅನ್ನುವ ಮಾತನ್ನು ಇವತ್ತು ಸ್ವಲ್ಪ ಬಿಡಿಸಿ ನೋಡೋಣ. ಇಡ್ಲಿ ತೆಗೆದುಕೊಳ್ಳಿ. ನಾವು ಕತ್ತರಿಸಿ ತೆಗೆದ ಚೂರು ನಿಜಕ್ಕೂ ಚಿಕ್ಕ ಇಡ್ಲಿಯ ಹಾಗೇ ಇರುತ್ತದೆ, ಕೆಳಗೆ ಬಟ್ಟಲಿನ ಉಬ್ಬು. ಹಿಟ್ಟಿನೊಳಗೆ ಒಂದು ಕರಿಬೇವಿನ ಎಲೆ ಬಿದ್ದಿದೆ ಅಂದುಕೊಳ್ಳಿ. ಅದರ ತುದಿ ಇಡ್ಲಿಯ ಹೊರಸಿಪ್ಪೆಗೆ ತಾಗಿದೆಯಾ, ಇಲ್ಲವಾ? ಅದು ಪ್ರಶ್ನೆ. ತಾಗಿದ್ದರೆ ಉಳಿದ ಎಲೆ ತಟ್ಟೆಯಲ್ಲೇ ಇದೆ, ಅಂದರೆ ರೋಗಿಯ ಮೂಗಿನಲ್ಲಿ. ಮಾಮೂಲಿ ಲ್ಯಾಬಿನಲ್ಲಿ ಇಡ್ಲಿಯನ್ನು ಬ್ರೆಡ್ಡಿನ ಹಾಗೆ ಮೇಲಿನಿಂದ ಕೆಳಗೆ ನಾಲ್ಕೈದು ಹೋಳು ಮಾಡುತ್ತಾರೆ. ಪ್ರತಿ ಹೋಳಿನಿಂದ ಕೂದಲಿಗಿಂತ ತೆಳುವಾದ ಒಂದು ಪದರ ತೆಗೆದು ನೋಡುತ್ತಾರೆ. ಎಲೆಯ ತುದಿ ಎರಡು ಹೋಳಿನ ನಡುವೆ ಸಿಕ್ಕಿದ್ದರೆ? ಕಾಣುವುದಿಲ್ಲ. ಈ ರೀತಿಯಲ್ಲಿ ಕಣ್ಣಿಗೆ ಬೀಳುವುದು ಒಟ್ಟು ಅಂಚಿನ 1%ಗಿಂತ ಕಡಿಮೆ. ಪೆಥಾಲಜಿಸ್ಟ್ ಸುಳ್ಳು ಹೇಳುತ್ತಿಲ್ಲ. ನೋಡಿದಷ್ಟರಲ್ಲಿ ಫ್ರೀ.

ಇಡ್ಲಿಯ ಹೊರಸಿಪ್ಪೆಯನ್ನೇ ಇಡಿಯಾಗಿ ನೋಡಬೇಕು ಅಂತ ಹಟ ಹಿಡಿದವನು ಫ್ರೆಡ್ರಿಕ್ ಮೋಸ್. ಅಮೆರಿಕದ ವಿಸ್ಕಾನ್ಸಿನ್‌ನವನು, 1910ರಲ್ಲಿ ಹುಟ್ಟಿದವನು. ಹೆಸರು ಮೋಸ್, ಕೆಲಸದಲ್ಲಿ ಮೋಸ ಇಲ್ಲ. ನಾನು ಈ ಚಿಕಿತ್ಸೆಯ ಹೆಸರು ಹೇಳಿದಾಗ ಚಿಕ್ಕಮ್ಮ, "ಒಂದು ಸಲ ಮೋಸ ಹೋಗಿದ್ದು ಸಾಕಾಗಿಲ್ವಾ?" ಅಂದರು. ಮೋಸ್ ವಿದ್ಯಾರ್ಥಿಯಾಗಿದ್ದಾಗ ಪ್ರೊಫೆಸರರ ಜೊತೆ ಇಲಿಗಳ ಗಡ್ಡೆಗೆ ಬೇರೆ ಬೇರೆ ಕೆಮಿಕಲ್ ಚುಚ್ಚಿ ನೋಡುತ್ತಿದ್ದ. ಸತುವಿನ ಕ್ಲೋರೈಡ್ ಮಾಂಸವನ್ನು ಕೊಲ್ಲುತ್ತದೆ, ಆದರೆ ಕಣಗಳ ಆಕಾರ ಕೆಡಿಸುವುದಿಲ್ಲ, ಮೈಕ್ರೋಸ್ಕೋಪಿನಲ್ಲಿ ಹಾಗೇ ಕಾಣುತ್ತದೆ. ಅವನ ತಲೆ ಓಡಿತು. ಸತುವಿನ ಪೇಸ್ಟ್ ಹಚ್ಚು, ಮರುದಿನ ಒಂದು ಪದರ ತೆಗೆ, ತಳ ಪೂರ್ತಿ ನೋಡು, ಎಲ್ಲಿ ಉಳಿದಿದೆಯೋ ಅಲ್ಲಿಗೆ ಮಾತ್ರ ಮತ್ತೆ ಹಚ್ಚು. 1936ರಿಂದ ರೋಗಿಗಳಿಗೆ ಮಾಡತೊಡಗಿದ, 1941ರಲ್ಲಿ ಬರೆದ. ಸರ್ಜನ್‌ಗಳು ಮೂಗು ಮುರಿದರು. ಪೇಸ್ಟ್ ಹಚ್ಚಿ ವಾಸಿ ಮಾಡುವುದು ನಾಟಿ ವೈದ್ಯರ ಕೆಲಸ ಅಂತ. ಅವರ ಅನುಮಾನ ಪೂರ್ತಿ ತಪ್ಪೂ ಅಲ್ಲ. ನಮ್ಮಲ್ಲಿ ಸುಣ್ಣ, ವಾಷಿಂಗ್ ಸೋಡಾ ಕಲಸಿ ಮಚ್ಚೆ ಸುಡುವವರು ಇಲ್ವಾ? ಸುಡುವುದು ಎರಡು ಕಡೆಯೂ ಒಂದೇ. ಸುಟ್ಟ ಮೇಲೆ ಅಂಚನ್ನು ನೋಡಿದನಾ, ಇಲ್ಲವಾ, ಅಷ್ಟೇ ವ್ಯತ್ಯಾಸ.

1953ರಲ್ಲಿ ಅವನು ಒಂದು ರೆಪ್ಪೆಯ ಕ್ಯಾನ್ಸರ್ ತೆಗೆಯುವುದನ್ನು ಫಿಲ್ಮ್ ಮಾಡಿಸುತ್ತಿದ್ದ. ಒಂದು ಪದರ ತೆಗೆದ ಮೇಲೂ ಉಳಿದಿತ್ತು. ಮತ್ತೆ ಪೇಸ್ಟ್ ಹಚ್ಚಿ ಒಂದು ದಿನ ಕಾಯುವುದಕ್ಕೆ ಬದಲು, ಮರಗಟ್ಟುವ ಇಂಜೆಕ್ಷನ್ ಕೊಟ್ಟು ತಾಜಾ ಚೂರನ್ನೇ ತೆಗೆದು ಹೆಪ್ಪುಗಟ್ಟಿಸಿ ನೋಡಿದ. ಕೆಲಸ ಆಯಿತು. ಈಗ ಎಲ್ಲರೂ ಮಾಡುವುದು ಹಾಗೇ, ಪೇಸ್ಟ್ ಇಲ್ಲ. ಕತ್ತಿಯನ್ನು 45 ಡಿಗ್ರಿ ಓರೆ ಹಿಡಿದು ಬಟ್ಟಲಿನ ಆಕಾರಕ್ಕೆ ತೆಗೆಯುತ್ತಾರೆ. ಓರೆ ಯಾಕೆ? ಬಟ್ಟಲಿನ ಬದಿಯನ್ನು ಒತ್ತಿ ತಳದ ಜೊತೆಗೆ ಮಟ್ಟ ಮಾಡಬಹುದು. ಇಡ್ಲಿಯ ಸಿಪ್ಪೆ ದೋಸೆಯಾಗುತ್ತದೆ. ಅದನ್ನು ಹೆಪ್ಪುಗಟ್ಟಿಸಿ, ಕೆಳಗಿನಿಂದ ತೆಳು ಪದರ ತೆಗೆದರೆ ಒಂದೇ ಸ್ಲೈಡಿನಲ್ಲಿ ಇಡೀ ಅಂಚು, 100%. ಚೂರಿನ ಒಂದು ಬದಿಗೆ ನೀಲಿ ಶಾಯಿ, ಇನ್ನೊಂದಕ್ಕೆ ಕೆಂಪು. ಗಡಿಯಾರದ 4 ಗಂಟೆಯ ಜಾಗದಲ್ಲಿ ಉಳಿದಿದೆ ಅಂದರೆ 4 ಗಂಟೆಯಲ್ಲಿ ಮಾತ್ರ ಮತ್ತೆ ಕತ್ತರಿಸುವುದು. ರೋಗಿ ಬ್ಯಾಂಡೇಜ್ ಹಾಕಿಕೊಂಡು ಹೊರಗೆ ಚಾ ಕುಡಿಯುತ್ತಾ ಕೂತಿರುತ್ತಾರೆ. ಒಂದು ಸುತ್ತಿಗೆ ಸುಮಾರು ಒಂದು ಗಂಟೆ.

ಇದಕ್ಕೆ ಗಟ್ಟಿ ಸಾಕ್ಷಿ ನೆದರ್‌ಲೆಂಡ್ಸಿನಿಂದ ಬಂತು. ಮುಖದ ಅಪಾಯದ ಜಾಗಗಳ 612 ಬೇಸಲ್ ಸೆಲ್ ಗಡ್ಡೆಗಳು. ಚೀಟಿ ಎತ್ತಿದ ಹಾಗೆ ಕೆಲವಕ್ಕೆ ಮಾಮೂಲಿ ಆಪರೇಶನ್, ಕೆಲವಕ್ಕೆ ಮೋಸ್. 10 ವರ್ಷ ಬಿಡದೆ ನೋಡಿ 2014ರಲ್ಲಿ ಲೆಕ್ಕ ಕೊಟ್ಟರು. ಮೊದಲ ಸಲದ ಗಡ್ಡೆ ಮಾಮೂಲಿ ಆಪರೇಶನ್ ಆದವರಲ್ಲಿ 12.2% ಮರಳಿ ಬಂತು, ಮೋಸ್ ಆದವರಲ್ಲಿ 4.4%. ಒಂದು ಸಲ ತೆಗೆದು ಮರಳಿ ಬಂದ ಗಡ್ಡೆಯಾದರೆ, ಅಂದರೆ ಚಿಕ್ಕಮ್ಮನ ಜಾತಿ, 13.5% ಮತ್ತು 3.9%. ನನಗೆ ಇದರಲ್ಲಿ ತುಂಬಾ ಕುಟುಕಿದ್ದು ಇನ್ನೊಂದು ಅಂಕಿ. ಮೊದಲ ಸಲದ ಗಡ್ಡೆಗಳಲ್ಲಿ ಮರಳಿ ಬಂದದ್ದರ ಅರ್ಧಕ್ಕಿಂತ ಜಾಸ್ತಿ, 56%, ಬಂದದ್ದು 5 ವರ್ಷ ದಾಟಿದ ಮೇಲೆ. ನಾವು 5 ವರ್ಷಕ್ಕೆ ಫೈಲ್ ಮುಚ್ಚಿ "ಆರಾಮಾಗಿರಿ" ಅಂತ ಕಳಿಸುತ್ತಿದ್ದೆವು.

ಹಾಗಂತ ಎಲ್ಲರಿಗೂ ಮೋಸ್ ಬೇಕು ಅಂತ ನಾನು ಹೇಳುವುದಿಲ್ಲ. ಬೆನ್ನು, ಹೊಟ್ಟೆಯ ಮೇಲಿನ ಚಿಕ್ಕ ಗಡ್ಡೆಗೆ ಅದು ನೊಣಕ್ಕೆ ಕೊಡಲಿ. ದುಡ್ಡೂ ದಂಡ. ನಮ್ಮ ದೇಶದಲ್ಲಿ ಅದನ್ನು ಕಲಿತವರೂ ಕಡಿಮೆ. ಇಲ್ಲದಿದ್ದರೆ ದಾರಿ ಇಲ್ಲವೇ? ಇದೆ. ಚಿಕ್ಕಮ್ಮನಿಗೆ ನಾವು ಮಾಡಿದ್ದು ಬಡವರ ಮೋಸ್. ಕತ್ತರಿಸಿ, ಹೊಲಿಯದೆ, ಡ್ರೆಸಿಂಗ್ ಮಾಡಿ ಮನೆಗೆ ಕಳಿಸುವುದು. ಪೆಥಾಲಜಿಸ್ಟ್ ಪಕ್ಕದಲ್ಲಿ ಕೂತು, ಚೂರನ್ನು ಹೇಗೆ ಒತ್ತಿ ಮಲಗಿಸಬೇಕು, ಯಾವ ಬದಿಗೆ ಯಾವ ಶಾಯಿ ಅಂತ ಇಬ್ಬರೂ ಸೇರಿ ಗುರುತು ಹಾಕುವುದು. ಎರಡು ದಿನಕ್ಕೆ ರಿಪೋರ್ಟ್. ಹೊಳ್ಳೆಯ ಕಡೆ ನೀಲಿ ಶಾಯಿಗೆ ತಾಗಿ ಒಂದು ಎಳೆ ಉಳಿದಿತ್ತು. ಬರಿಗಣ್ಣಿಗೆ ಆ ಜಾಗ ಅಪ್ಪಟ ಚೆನ್ನಾಗಿತ್ತು. ಅಷ್ಟನ್ನೇ ಮತ್ತೆ ತೆಗೆದೆವು. ಆಮೇಲೆ ಕ್ಲಿಯರ್. ಆ ಎರಡು ದಿನವೂ ಅವರು ಮೂಗಿಗೆ ಪಟ್ಟಿ ಕಟ್ಟಿಕೊಂಡೇ ಇಡ್ಲಿ ಬೇಯಿಸಿದರು. ಗಿರಾಕಿಗಳಿಗೆ ಜಾರಿ ಬಿದ್ದೆ ಅಂದರಂತೆ.

ಆದರೆ ಮೂಗಿನಲ್ಲಿ ಈಗ ಒಂದು ರೂಪಾಯಿ ನಾಣ್ಯದಷ್ಟು ತೂತು. ಅದನ್ನು ಮುಚ್ಚುವುದು ಹೇಗೆ? ಇದಕ್ಕೆ ಪುಣೆಗೆ ಹೋಗಬೇಕು, 1793ಕ್ಕೆ. ಕಾವಸ್‌ಜಿ ಎಂಬ ಮರಾಠಾ ರೈತ ಇಂಗ್ಲಿಷರ ಸೈನ್ಯದಲ್ಲಿ ಎತ್ತು ಹೊಡೆಯುತ್ತಿದ್ದ. 1792ರ ಯುದ್ಧದಲ್ಲಿ ಟಿಪ್ಪುವಿನ ಕಡೆಯವರ ಕೈಗೆ ಸಿಕ್ಕ. ಮೂಗು ಮತ್ತು ಒಂದು ಕೈ ಕತ್ತರಿಸಿ ಕಳಿಸಿದರು. ಟಿಪ್ಪು ಹೆಸರು ತೆಗೆದರೆ ಈಗ ಹಾಲ್‌ನಲ್ಲಿ ಎರಡು ಪಕ್ಷ ಆಗುತ್ತದೆ, ನಾನು ಮೂಗಿಗೆ ಮಾತ್ರ ಅಂಟಿಕೊಳ್ಳುತ್ತೇನೆ. ಒಂದು ವರ್ಷ ಮೂಗಿಲ್ಲದೆ ಇದ್ದ. ಆಮೇಲೆ ಪುಣೆ ಹತ್ತಿರದ ಇಟ್ಟಿಗೆ ಮಾಡುವ ಜಾತಿಯ ಒಬ್ಬ, ಹಣೆಯ ಚರ್ಮದಿಂದ ಹೊಸ ಮೂಗು ಕಟ್ಟಿಕೊಟ್ಟ. ಬಾಂಬೆ ಪ್ರೆಸಿಡೆನ್ಸಿಯ ಇಬ್ಬರು ಇಂಗ್ಲಿಷ್ ಡಾಕ್ಟರುಗಳು ನಿಂತು ನೋಡಿದರು. 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜಿನ್‌ನಲ್ಲಿ ಅದು ಚಿತ್ರ ಸಮೇತ ಅಚ್ಚಾಯಿತು. ಅದನ್ನು ಓದಿ ಜೋಸೆಫ್ ಕಾರ್ಪ್ಯೂ ಎಂಬ ಸರ್ಜನ್ 1814ರಲ್ಲಿ ಲಂಡನ್ನಿನಲ್ಲಿ ಮಾಡಿದ. ಮೂಗು ಕಟ್ಟಿದ ಇಟ್ಟಿಗೆಯವನ ಹೆಸರು ಮಾತ್ರ ಯಾರೂ ಬರೆದುಕೊಳ್ಳಲಿಲ್ಲ. ಪುಸ್ತಕಗಳಲ್ಲಿ ಕಾವಸ್‌ಜಿಯ ಮೂಗು ಅಂತಲೇ ಇದೆ.

ಅವನು ಮಾಡಿದ ರೀತಿ ಕೇಳಿ. ತೆಳುವಾದ ಮೇಣದ ಹಾಳೆಯನ್ನು ಮೂಗಿನ ಆಕಾರಕ್ಕೆ ಬಗ್ಗಿಸಿ ಕೂರಿಸಿದ. ಬಿಡಿಸಿ ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆದ. ಆ ಆಕಾರಕ್ಕೆ ಚರ್ಮ ಬಿಡಿಸಿದ, ಹುಬ್ಬುಗಳ ನಡುವೆ ಒಂದು ಪಟ್ಟಿ ಮಾತ್ರ ಬಿಟ್ಟ. ಅದರಲ್ಲಿ ರಕ್ತ ಹರಿಯಬೇಕು. ತಿರುಗಿಸಿ ಮೂಗಿಗೆ ಕೂರಿಸಿದ. ಕಾಚು ಕಲಸಿ ಬಟ್ಟೆಗೆ ಹಚ್ಚಿ ಮೇಲೆ ಹೊದಿಸಿದ. ನಾಲ್ಕು ದಿನ ಅದೇ, ಆಮೇಲೆ ತುಪ್ಪದ ಬಟ್ಟೆ. ಸುಮಾರು 25ನೇ ದಿನ ಪಟ್ಟಿ ಕತ್ತರಿಸಿದ.

ನಾನು ಮಾಡಿದ್ದೂ ಇಷ್ಟೇ. ಮೇಣದ ಬದಲು ಹೊಲಿಗೆ ದಾರದ ಪ್ಯಾಕೆಟ್ಟಿನ ಬೆಳ್ಳಿ ಹಾಳೆ. ಕತ್ತರಿಯಿಂದ ಕತ್ತರಿಸಿ, ತೂತಿಗೆ ಒತ್ತಿ, ಬಿಡಿಸಿ, ಹಣೆಗೆ ಇಟ್ಟು ನೇರಳೆ ಪೆನ್ನಿನಲ್ಲಿ ಗೆರೆ ಎಳೆದೆ. ಹುಬ್ಬಿನ ಒಳತುದಿಯಲ್ಲಿ ಹಣೆಗೆ ಏರುವ ಒಂದು ಸಣ್ಣ ರಕ್ತನಾಳ ಇದೆ, ಪಟ್ಟಿ ಅದರ ಮೇಲೆ. ಕಾಚಿನ ಬದಲು ಮುಲಾಮು. 25 ದಿನದ ಬದಲು 21. ಈ ಮೂರು ವಾರ ಮನುಷ್ಯರ ಮುಖ ನೋಡುವ ಹಾಗಿರುವುದಿಲ್ಲ, ಹಣೆಯಿಂದ ಮೂಗಿಗೆ ಆನೆಯ ಸೊಂಡಿಲಿನ ಹಾಗೆ ಚರ್ಮ ಇಳಿದಿರುತ್ತದೆ. ಚಿಕ್ಕಮ್ಮನ ಮೊಮ್ಮಗ "ಗಣಪತಿ ಅಜ್ಜಿ" ಅಂತ ಕರೆದ. ಆ ಮೂರು ವಾರ ಇಡ್ಲಿ ಬಂದ್. ಈಗ ಮೂಗು ಚೆನ್ನಾಗಿದೆ. ಒಂದೇ ದೂರು, ಅವರ ಹಣೆಯ ಕೂದಲು ಸ್ವಲ್ಪ ಕೆಳಗೆ ಇಳಿದದ್ದರಿಂದ ಮೂಗಿನ ಬದಿಯಲ್ಲಿ ಎರಡು ಕೂದಲು ಬೆಳೆಯುತ್ತವೆ. ತಿಂಗಳಿಗೊಮ್ಮೆ ಚಿಮಟಿಗೆ ಹಿಡಿದು ನನ್ನನ್ನು ಬೈಯುತ್ತಾರೆ.

ಕತ್ತರಿಸಲಾಗದವರಿಗೆ ಬೇರೆ ದಾರಿಗಳಿವೆ. ರೇಡಿಯೇಶನ್ ಇದೆ. ಬೇಸಲ್ ಸೆಲ್ ಬೆಳೆಯುವ ಒಳದಾರಿಯನ್ನೇ ಮುಚ್ಚುವ ವಿಸ್ಮೋಡೆಜಿಬ್ ಎಂಬ ಮಾತ್ರೆಗೆ ಅಮೆರಿಕದಲ್ಲಿ 2012ರಲ್ಲಿ ಒಪ್ಪಿಗೆ ಸಿಕ್ಕಿತು. ಹರಡಿದ ಸ್ಕ್ವೇಮಸ್ ಸೆಲ್‌ಗೆ 2018ರಲ್ಲಿ ಸೆಮಿಪ್ಲಿಮ್ಯಾಬ್ ಎಂಬ ಔಷಧಿ ಬಂತು. ಬೆಲೆ ಕೇಳಿದರೆ ತಲೆ ತಿರುಗುತ್ತದೆ. ವಾಟ್ಸಾಪ್‌ನಲ್ಲಿ ಓಡಾಡುವ ವಿಟಮಿನ್ ಮಾತ್ರೆ ನಿಕೋಟಿನಮೈಡ್ ಬಗ್ಗೆಯೂ ಕೇಳುತ್ತೀರಿ, ಗೊತ್ತು. ಆಸ್ಟ್ರೇಲಿಯಾದಲ್ಲಿ ಈಗಾಗಲೇ ಇಂಥ ಕ್ಯಾನ್ಸರ್ ಆದ 386 ಜನರಿಗೆ ನೋಡಿದಾಗ ಹೊಸ ಗಡ್ಡೆ 23% ಕಡಿಮೆಯಾಯಿತು, 2015ರಲ್ಲಿ. 2023ರಲ್ಲಿ ಅಂಗಾಂಗ ಕಸಿ ಆದವರಲ್ಲಿ ನೋಡಿದಾಗ ಅಂಥ ಲಾಭ ಕಾಣಲಿಲ್ಲ. ಗಡ್ಡೆಯೇ ಆಗದ ನೀವು ಅಂಗಡಿಗೆ ಓಡಬೇಡಿ.

ಆಮೇಲೆ ಪ್ರಶ್ನೆಗಳು. ತೊನ್ನು ಇದ್ದವರಿಗೆ ಈ ಕ್ಯಾನ್ಸರ್ ಜಾಸ್ತಿಯಾ ಅಂತ ಒಬ್ಬರು ಕೇಳಿದರು. ಬಿಳಿ ಚರ್ಮ ಅಲ್ವಾ ಅಂತ. ಒಳ್ಳೆಯ ಪ್ರಶ್ನೆ, ಆದರೆ ಉತ್ತರ ಉಲ್ಟಾ. ಇರುವ ಅಧ್ಯಯನಗಳಲ್ಲಿ ತೊನ್ನು ಇದ್ದವರಿಗೆ ಕಡಿಮೆಯೇ ಕಂಡಿದೆ. ಹುಟ್ಟಿನಿಂದಲೇ ಮೈಯೆಲ್ಲ ಬಣ್ಣ ಇಲ್ಲದವರು, ಆಲ್ಬಿನೋ ಅನ್ನುತ್ತೇವಲ್ಲ, ಅವರ ಕಥೆ ಬೇರೆ. ಅವರಿಗೆ ಬಿಸಿಲು ನಿಜವಾದ ಶತ್ರು. ಇನ್ನೊಬ್ಬರು ತಮ್ಮ ಕೆನ್ನೆಯ ಕಂದು ಬಿಲ್ಲೆಯನ್ನು ಫೋನಿನ ಟಾರ್ಚ್ ಹಾಕಿಯೇ ತೋರಿಸಿದರು. ಅಂಟಿಸಿದ ಮೇಣದ ಹಾಗಿತ್ತು, ವಯಸ್ಸಿಗೆ ಬರುವಂಥದ್ದು, ಏನೂ ಅಲ್ಲ. ಅವರಿಗೆ ಸ್ವಲ್ಪ ನಿರಾಸೆಯೇ ಆದ ಹಾಗಿತ್ತು.

ಕಾಫಿ ಹೊತ್ತಿಗೆ ಹಿರಿಯರೊಬ್ಬರು ನನ್ನನ್ನು ಹೆಂಗಸರ ಗುಂಪಿನ ಮರೆಗೆ ಕರೆದರು. ಸೆರಗು ಸರಿಸಿ ಸೊಂಟದ ಬದಿ ತೋರಿಸಿದರು. ಲಾಡಿಯ ಗುರುತು ಬೆರಳಿನಷ್ಟು ಆಳ, ಕಪ್ಪು, ನಡುನಡುವೆ ಬಿಳಚಿದ ಚುಕ್ಕೆ, ಒಂದು ಕಡೆ ಸಣ್ಣ ಬಿರುಕು. ಎಷ್ಟು ದಿನದಿಂದ ಅಂದೆ. "ಮದುವೆಯಾದಾಗಿನಿಂದ" ಅಂದರು. ಬಿರುಕು ಎಷ್ಟು ದಿನದಿಂದ ಅಂದೆ. ಗಣಪತಿ ಹಬ್ಬಕ್ಕೆ ಮುಂಚಿನಿಂದ. ಹೋದ ವರ್ಷದ ಗಣಪತಿ. ಗುರುವಾರ ಬನ್ನಿ, ಒಂದು ಚೂರು ತೆಗೆದು ನೋಡೋಣ ಅಂದೆ. ಅಲ್ಲಿಯವರೆಗೆ ಲಾಡಿ ಬಿಟ್ಟು ಅಗಲದ ಇಲಾಸ್ಟಿಕ್ ಹಾಕಿ, ಸಡಿಲ ಕಟ್ಟಿ ಅಂದೆ. ಅವರು ಸೆರಗು ಸರಿಮಾಡಿಕೊಳ್ಳುತ್ತಾ, "ಸಡಿಲ ಕಟ್ಟಿ ದಾದರ್ ಬ್ರಿಜ್ ಹತ್ತುವಾಗ ಸೀರೆ ಬಿಚ್ಚಿ ಹೋದ್ರೆ, ಆವಾಗ ನೀವು ಬರ್ತೀರಾ ಡಾಕ್ಟ್ರೇ?" ಅಂದರು. ಗುರುವಾರ 11ಕ್ಕೆ ಅಂತ ಅವರ ಸೊಸೆ ಫೋನಿನಲ್ಲಿ ಬರೆದುಕೊಂಡಳು.